ಒಂದು ಟನ್ ಕಬ್ಬು, ನಾಲ್ಕು ಡಿಗ್ರಿ: ಪಿಯುಸಿ ಮುಗಿಸಿದವರು ಅರ್ಥಶಾಸ್ತ್ರ, ಬಿ.ಕಾಂ., ಬಿಬಿಎ, ಪಬ್ಲಿಕ್ ಪಾಲಿಸಿಯಲ್ಲಿ ಯಾವುದನ್ನು ಆರಿಸಬೇಕು?

ಪಿಯು ರಿಸಲ್ಟ್ ಬಂದ ಮರುದಿನದಿಂದ ಹದಿನೈದು ದಿನ ನನ್ನ ಫೋನಿಗೆ ಪುರುಸೊತ್ತು ಇರುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕ ನಾನು. ಅತಿಥಿ ಅನ್ನುವುದು ಹೆಸರಿಗೆ ಮಾತ್ರ, ಹನ್ನೊಂದು ವರ್ಷದಿಂದ ಇದೇ ಮನೆಯಲ್ಲಿ ಉಣ್ಣುತ್ತಿದ್ದೇನೆ. ಫೋನ್ ಮಾಡಿದವರ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ: "ಸರ, ಆರ್ಟ್ಸ್ ತಗೊಂಡ್ರ ನೌಕರಿ ಸಿಗತೈತೇನ್ರಿ?", "ಬಿ.ಕಾಂ. ಮಾಡಿದ್ರ ಸಾಕೋ, ಸಿಎ ಮಾಡಬೇಕೋ?", "ಬಿಬಿಎ ಅಂದ್ರ ಎಂಬಿಎದ ತಮ್ಮೇನ್ರಿ?" ಕೊನೆಯದನ್ನು ಕೇಳಿದವರು ಮುಧೋಳ ಕಡೆಯ ಒಬ್ಬ ರೈತರು. ಬಿಬಿಎಗೆ ಅದಕ್ಕಿಂತ ಚಂದದ ವ್ಯಾಖ್ಯೆ ನನಗೆ ಇನ್ನೂ ಸಿಕ್ಕಿಲ್ಲ.

ಈ ಸಲ ಹುನಗುಂದ ಕಡೆಯ ಒಬ್ಬ ಹುಡುಗಿ ಅಪ್ಪನ ಜೊತೆ ಮನೆಗೇ ಬಂದಿದ್ದಳು. ಪಿಯುನಲ್ಲಿ ಹೆಬಾ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಅಂಕ ಚೆನ್ನಾಗಿ ಬಂದಿವೆ. ಅಪ್ಪನಿಗೆ ಬಿ.ಕಾಂ. ಬೇಕು, ಮಗಳಿಗೆ ಅರ್ಥಶಾಸ್ತ್ರ ಬೇಕು, ಜೊತೆಗೆ ಬಂದಿದ್ದ ಸೋದರಮಾವ ಬಿಬಿಎ ಅನ್ನುತ್ತಿದ್ದ. ಮೂವರ ಎದುರಿಗೂ ನಾನು ಇಟ್ಟದ್ದು ಕಬ್ಬಿನ ಉದಾಹರಣೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಡಿಗ್ರಿಯ ಹೆಸರು ನೋಡಿ ಆರಿಸುವುದಕ್ಕಿಂತ ಆ ಡಿಗ್ರಿ ಯಾವ ಪ್ರಶ್ನೆ ಕೇಳಲು ಕಲಿಸುತ್ತದೆ ಎಂದು ನೋಡಿ ಆರಿಸುವುದು ವಾಸಿ.

ಒಂದೇ ಕಬ್ಬು, ಬೇರೆ ಬೇರೆ ಕಣ್ಣು

2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ ₹3,500 ಕೊಡಿ ಎಂದು ರಸ್ತೆಯಲ್ಲಿ ಕೂತದ್ದು, ಕೊನೆಗೆ ಸರ್ಕಾರ ನಡುವೆ ಬಂದು ₹3,300ಕ್ಕೆ ತೀರ್ಮಾನ ಆದದ್ದು ನಮ್ಮ ಭಾಗದಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಆ ವಾರ ಒಬ್ಬ ವಿದ್ಯಾರ್ಥಿ ಕ್ಲಾಸಿನಲ್ಲಿ ಎದ್ದು ನಿಂತ. "ಸರ, ಕೇಂದ್ರ ಸರ್ಕಾರದ ಎಫ್‌ಆರ್‌ಪಿನ ಕ್ವಿಂಟಲಿಗೆ ₹355 ಐತಿ. ಅಂದ್ರ ಟನ್ನಿಗೆ ₹3,550 ಆತು. ಮತ್ತ ನಮ್ಮವ್ರು ₹3,500 ಕೇಳಿದ್ರ ಅದಕ್ಕಿಂತ ಕಡಿಮೀನ ಕೇಳಿದಂಗಾತಲ್ರಿ?"

ಇದು ಅರ್ಥಶಾಸ್ತ್ರದ ಪ್ರಶ್ನೆ. ಉತ್ತರ ಹುಡುಕಲು ಹೊರಟರೆ ಒಂದೊಂದೇ ಗಂಟು ಬಿಚ್ಚುತ್ತದೆ. ಎಫ್‌ಆರ್‌ಪಿ ಅಂದರೆ ಕಾರ್ಖಾನೆಗಳು ಇಷ್ಟಾದರೂ ಕೊಡಲೇಬೇಕು ಎಂದು ಕೇಂದ್ರ ಕಟ್ಟುವ ಕಬ್ಬಿನ ದರ. ಆ ₹355 ಎಂಬುದು 10.25% ಸಕ್ಕರೆ ಇಳುವರಿಗೆ, ಅಂದರೆ ನೂರು ಕೆ.ಜಿ. ಕಬ್ಬಿನಿಂದ 10.25 ಕೆ.ಜಿ. ಸಕ್ಕರೆ ಬಂದಾಗ, ನಿಗದಿಯಾದ ದರ. ಇಳುವರಿ ಹೆಚ್ಚಿದರೆ ದರ ಹೆಚ್ಚು, ಇಳಿದರೆ ಕಡಿಮೆ. ಅದು ಕಾರ್ಖಾನೆಯ ಗೇಟಿನಲ್ಲಿ ಸಿಗುವ ದರವಾದ್ದರಿಂದ ಕಟಾವು ಮತ್ತು ಸಾಗಣೆಯ ಖರ್ಚು ಅದರೊಳಗೇ ಸೇರಿದೆ. ರೈತರು ಕೇಳಿದ್ದು ಆ ಖರ್ಚು ಕಳೆದು ಕೈಗೆ ಬರುವ ದರ. ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಮುಂಚೆ ಎರಡೂ ಒಂದೇ ವಸ್ತುವಿನ ಬೆಲೆಯೋ ಎಂದು ನೋಡಬೇಕು. ನನ್ನ ಮಟ್ಟಿಗೆ ಅರ್ಥಶಾಸ್ತ್ರದ ಅರ್ಧ ಇಷ್ಟೇ. ಉಳಿದರ್ಧ "ಯಾಕೆ" ಎಂಬುದು. ರೈತ ತನ್ನ ಬೆಲೆ ತಾನೇ ಹೇಳಲು ಯಾಕೆ ಆಗುವುದಿಲ್ಲ? ಕಡಿದ ಕಬ್ಬು ದಿನ ಕಳೆದಂತೆ ತೂಕವನ್ನೂ ಸಕ್ಕರೆ ಅಂಶವನ್ನೂ ಕಳೆದುಕೊಳ್ಳುತ್ತದೆ, ಜೋಳದ ಹಾಗೆ ಚೀಲ ಕಟ್ಟಿ ಇಡುವ ಮಾಲಲ್ಲ. ದೂರ ಸಾಗಿಸಿದರೆ ಬಾಡಿಗೆಯೇ ತಿಂದುಹಾಕುತ್ತದೆ. ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿ.ಮೀ. ಅಂತರ ಇರಬೇಕು ಎಂಬ ನಿಯಮ ಬೇರೆ. ಹೀಗಾಗಿ ಮಾರುವವರು ಸಾವಿರ ಜನ ಇದ್ದರೂ ಕೊಳ್ಳುವವರು ಒಬ್ಬರೋ ಇಬ್ಬರೋ. ಬಾಗಲಕೋಟೆ, ಬೆಳಗಾವಿಯ ಕಬ್ಬಿನ ಪಟ್ಟಿಯಲ್ಲಿ ಹುಟ್ಟಿದ ಹುಡುಗರಿಗೆ ಈ ಪಾಠಕ್ಕೆ ಪುಸ್ತಕವೇ ಬೇಕಿಲ್ಲ. ಆದರೆ ಪರೀಕ್ಷೆಯಲ್ಲಿ "ಸೀಮಾಂತ ತುಷ್ಟಿಗುಣ" (ಇನ್ನೊಂದು ಹೆಚ್ಚು ಸಿಕ್ಕರೆ ತೃಪ್ತಿ ಎಷ್ಟು ಹೆಚ್ಚುತ್ತದೆ ಎಂಬುದು) ಬರೆಯಿರಿ ಅಂದಾಗ ಅವರೇ ತಡವರಿಸುತ್ತಾರೆ. ತಪ್ಪು ಅವರದಲ್ಲ, ನಾವು ಕಲಿಸುವ ರೀತಿಯದು.

ಈಗ ಬಿ.ಕಾಂ. ಅದೇ ಕಬ್ಬು ಗೇಟು ದಾಟಿ ಒಳಗೆ ಹೋಯಿತು. ಹೊರಗೆ ಬಂದದ್ದು ಸಕ್ಕರೆಯೊಂದೇ ಅಲ್ಲ, ಕಾಕಂಬಿ, ಸಿಪ್ಪೆ, ಮಡ್ಡಿಯೂ ಬಂದವು. ಕಾಕಂಬಿಯಿಂದ ಎಥೆನಾಲ್, ಸಿಪ್ಪೆಯಿಂದ ಕರೆಂಟು. ಕಬ್ಬಿಗೆ ಕೊಟ್ಟ ಹಣವನ್ನು ಇವುಗಳ ನಡುವೆ ಹೇಗೆ ಹಂಚಿ ಲೆಕ್ಕ ಬರೆಯಬೇಕು? ಎಲ್ಲ ಖರ್ಚನ್ನೂ ಸಕ್ಕರೆಯ ತಲೆಗೆ ಕಟ್ಟಿದರೆ ಸಕ್ಕರೆಯಲ್ಲಿ ನಷ್ಟ ಕಾಣುತ್ತದೆ, ಬೇರೆ ಥರ ಹಂಚಿದರೆ ಲಾಭ ಕಾಣುತ್ತದೆ. ಗೋದಾಮಿನಲ್ಲಿ ಬಿದ್ದಿರುವ ಸಕ್ಕರೆಗೆ ಮಾರ್ಚ್ 31ರಂದು ಯಾವ ಬೆಲೆ ಕಟ್ಟಬೇಕು, ಅದನ್ನು ಅಡವಿಟ್ಟು ಬ್ಯಾಂಕಿನಿಂದ ತಂದ ಸಾಲ ಎಲ್ಲಿ ತೋರಿಸಬೇಕು? ಕಾಸ್ಟ್ ಅಕೌಂಟಿಂಗ್, ಆಡಿಟಿಂಗ್, ಕಂಪನಿ ಲಾ, ಇನ್‌ಕಮ್ ಟ್ಯಾಕ್ಸ್, ಜಿಎಸ್‌ಟಿ ಎಲ್ಲ ಇರುವುದು ಇದಕ್ಕೇ. "ಕಾರ್ಖಾನಿ ಲಾಸಿನ್ಯಾಗ ಐತಿ" ಎಂದು ಆಡಳಿತ ಮಂಡಳಿಯವರು ಹೇಳಿದಾಗ ಸುಮ್ಮನೆ ತಲೆ ಅಲ್ಲಾಡಿಸದೆ ಬ್ಯಾಲೆನ್ಸ್ ಶೀಟ್ ಬಿಡಿಸಿ ಕೂರಬಲ್ಲವನು ಒಳ್ಳೆಯ ಬಿ.ಕಾಂ. ವಿದ್ಯಾರ್ಥಿ. ನಮ್ಮ ಹೋರಾಟಗಳಲ್ಲಿ ಅಂಥವರ ಕೊರತೆ ಇದೆ ಎಂಬುದು ನನ್ನ ಸ್ವಂತ ಅಭಿಪ್ರಾಯ.

ಬಿಬಿಎ ಕೇಳುವುದು ನಡೆಸುವ ಪ್ರಶ್ನೆ. ಹಂಗಾಮು ನಾಲ್ಕೈದು ತಿಂಗಳು. ಯಾವ ಊರಿಗೆ ಯಾವ ದಿನ ಕಟಾವಿನ ಗ್ಯಾಂಗ್ ಕಳಿಸಬೇಕು, ಯಾರ್ಡಿನಲ್ಲಿ ಟ್ರ್ಯಾಕ್ಟರುಗಳು ರಾತ್ರಿಯಿಡೀ ನಿಲ್ಲದಂತೆ ಹೇಗೆ ನೋಡಿಕೊಳ್ಳಬೇಕು, ಮುಂಗಡ ತೆಗೆದುಕೊಂಡು ಬಾರದ ಗ್ಯಾಂಗಿಗೆ ಏನು ಮಾಡಬೇಕು, ಸಕ್ಕರೆಯನ್ನು 50 ಕೆ.ಜಿ. ಚೀಲದಲ್ಲೇ ಮಾರಬೇಕೋ 1 ಕೆ.ಜಿ. ಪ್ಯಾಕೆಟ್ ಮಾಡಿ ಹೆಸರು ಕಟ್ಟಬೇಕೋ? ಒಳ್ಳೆಯ ಪ್ರಶ್ನೆಗಳೇ. ಆದರೆ ಇವು ಕ್ಲಾಸಿನಲ್ಲಿ ಕೂತು ಕಲಿಯುವಂಥವಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಇನ್ನು ಪಬ್ಲಿಕ್ ಪಾಲಿಸಿ, ಅಂದರೆ ಸರ್ಕಾರದ ನೀತಿಗಳ ಓದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ ಸೇರಿಸಿ ಕೊಡಬೇಕು. ನಿಮ್ಮ ಊರಿನಲ್ಲಿ ತಡವಾದ ಬಿಲ್ಲಿಗೆ ಬಡ್ಡಿ ಪಡೆದವರು ಎಷ್ಟು ಜನ ಇದ್ದಾರೆ, ಕೇಳಿ ನೋಡಿ. ನಿಯಮ ಇದ್ದೂ ಯಾಕೆ ನಡೆಯುತ್ತಿಲ್ಲ? ಜಾರಿ ಮಾಡಬೇಕಾದವರು ಯಾರು, ಸಕ್ಕರೆ ಆಯುಕ್ತರೋ ಜಿಲ್ಲಾಧಿಕಾರಿಯೋ? 2012ರಲ್ಲಿ ಸಿ. ರಂಗರಾಜನ್ ಸಮಿತಿ ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ 70% ರೈತನಿಗೆ ಹೋಗಲಿ ಎಂದಿತು. ಅದನ್ನು ನಡೆಸಲು ಕಾರ್ಖಾನೆಯ ಲೆಕ್ಕ ತೆರೆದಿರಬೇಕು. ಮತ್ತೆ ಬಿ.ಕಾಂ. ಬಾಗಿಲಿಗೇ ಬಂದೆವು. ನೀತಿಯ ಓದು ಹೀಗೆಯೇ. ಅದಕ್ಕೆ ತನ್ನದೇ ಮನೆಯಿಲ್ಲ, ಉಳಿದ ಮೂವರ ಮನೆಗಳ ನಡುವೆ ಓಡಾಡುತ್ತಿರುತ್ತದೆ.

ನಮ್ಮ ಭಾಗದಲ್ಲಿ ಸಿಗುವುದೇನು

ಬೇರೆ ದೇಶಗಳಲ್ಲಿ ಇವೆಲ್ಲವನ್ನೂ ಸೇರಿಸಿ ಒಂದೇ ಪದವಿ ಮಾಡಿದ್ದಾರೆ. ಆಕ್ಸ್‌ಫರ್ಡ್‌ನಲ್ಲಿ ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಮೂರನ್ನೂ ಸೇರಿಸಿದ ಪಿಪಿಇ ಎಂಬ ಪದವಿಗೆ ನೂರು ವರ್ಷ ದಾಟಿದೆ. ನಮ್ಮಲ್ಲಿ ಆ ಹೆಸರಿನ ಫಲಕ ಹುಡುಕಬೇಡಿ. ಆದರೆ ಬಿ.ಎ.ದಲ್ಲಿ ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತೆಗೆದುಕೊಂಡವರು ಅದರ ಹತ್ತಿರದ ನೆಂಟರೇ. ಜನ ಅದನ್ನು "ಸಾದಾ ಬಿ.ಎ." ಅನ್ನುತ್ತಾರೆ. ಸಾದಾ ಆಗುವುದು ಬಿಡುವುದು ಓದುವವರ ಕೈಯಲ್ಲಿದೆ.

ಬೆಳಗಾವಿ, ವಿಜಯಪುರ ಕಡೆಯ ಹೆಚ್ಚಿನ ಕಾಲೇಜುಗಳು 2010ರಲ್ಲಿ ಶುರುವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಬಾಗಲಕೋಟೆ ಜಿಲ್ಲೆಗೆ ಜಮಖಂಡಿಯಲ್ಲಿ ಈಗ ಬೇರೆ ವಿಶ್ವವಿದ್ಯಾಲಯ ಆಗಿದೆ. ಹೆಣ್ಣುಮಕ್ಕಳಿಗೆ ವಿಜಯಪುರದಲ್ಲಿ 2003ರಿಂದ ಇರುವ, ಈಗ ಅಕ್ಕಮಹಾದೇವಿಯ ಹೆಸರು ಹೊತ್ತ ಮಹಿಳಾ ವಿಶ್ವವಿದ್ಯಾಲಯ ಇದೆ. ಇವುಗಳ ಜೊತೆ ಶತಮಾನ ಕಂಡ ಸಂಸ್ಥೆಗಳ ಕಾಲೇಜುಗಳು: ಬಾಗಲಕೋಟೆಯಲ್ಲಿ ಬಿವಿವಿ ಸಂಘದವು, ವಿಜಯಪುರದಲ್ಲಿ ಬಿಎಲ್‌ಡಿಇದವು, ಬೆಳಗಾವಿಯಲ್ಲಿ 1916ರಲ್ಲಿ ಹುಟ್ಟಿದ ಕೆಎಲ್‌ಇದ ಲಿಂಗರಾಜ ಕಾಲೇಜಿನಂಥವು. ಬೆಳಗಾವಿಯಲ್ಲಿ ವಾಣಿಜ್ಯದ ಓದಿಗೆ ಗೋಗಟೆ ಕಾಲೇಜಿನ ಹೆಸರು ಹಳೆಯದು.

ಪದವಿ ಎಷ್ಟು ವರ್ಷದ್ದು ಎಂಬ ಗೊಂದಲ ಇನ್ನೂ ಇದೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಪ್ರಕಾರ ನಾಲ್ಕು ವರ್ಷದ ಪದ್ಧತಿ ಬಂತು, ರಾಜ್ಯದ್ದೇ ಶಿಕ್ಷಣ ನೀತಿ ಮಾಡಲು ನೇಮಿಸಿದ ಸುಖದೇವ ಥೋರಟ್ ಆಯೋಗದ ಮಧ್ಯಂತರ ವರದಿ ಬಂದ ಮೇಲೆ 2024–25ರಿಂದ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. (ಥೋರಟ್ ಅವರೂ ಅರ್ಥಶಾಸ್ತ್ರಜ್ಞರೇ.) ಇಲ್ಲಿಯೇ ಎಂ.ಎ., ಎಂ.ಕಾಂ., ಎಂಬಿಎ ಮಾಡುವವರಿಗೆ ಇದರಿಂದ ಅಡ್ಡಿಯಿಲ್ಲ. ಅಮೆರಿಕದಂಥ ಕಡೆ ಮುಂದೆ ಓದುವ ಮನಸ್ಸಿದ್ದರೆ ನಾಲ್ಕು ವರ್ಷದ ಪದವಿ ಕೇಳುವ ಕಾಲೇಜುಗಳಿವೆ ಎಂಬುದು ತಲೆಯಲ್ಲಿರಲಿ.

ಬಿಬಿಎ ಬಗ್ಗೆ ಎರಡು ಮಾತು

2024–25ರಿಂದ ಬಿಬಿಎ, ಬಿಸಿಎ ಕೋರ್ಸುಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಅಂದರೆ ಎಐಸಿಟಿಇ ಅಡಿಗೆ ಬಂದಿವೆ. ಸೇರುವ ಮುಂಚೆ ಆ ಕಾಲೇಜಿಗೆ ಅನುಮೋದನೆ ಇದೆಯೋ ಇಲ್ಲವೋ ಕೇಳಿ, ಆಫೀಸಿನಲ್ಲಿ ಪತ್ರ ತೋರಿಸಿ ಅನ್ನಿ. ಸಂಕೋಚ ಬೇಡ, ದುಡ್ಡು ಕೊಡುವವರು ನೀವು.

ಸೋದರಮಾವನಿಗೆ ನಾನು ಹೇಳಿದ್ದು ಇಷ್ಟು: ಬಿಬಿಎ ಒಳ್ಳೆಯದಾಗುವುದು ಊರಿನಲ್ಲಿ ಉದ್ಯಮ ಇದ್ದು, ಕಾಲೇಜು ಹುಡುಗರನ್ನು ಅಲ್ಲಿಗೆ ಕಳಿಸಿದಾಗ. ಬೆಳಗಾವಿಯಲ್ಲಿ ಅದಕ್ಕೆ ಜಾಗ ಇದೆ: ಫೌಂಡ್ರಿಗಳಿವೆ, ಹೈಡ್ರಾಲಿಕ್ಸ್ ಬಿಡಿಭಾಗ ಮಾಡುವ ಘಟಕಗಳಿವೆ, ಗೋವಾ ಮತ್ತು ಮಹಾರಾಷ್ಟ್ರದ ವ್ಯಾಪಾರ ಇದೆ. ವಿಜಯಪುರದ ಒಣದ್ರಾಕ್ಷಿ ವ್ಯಾಪಾರ ಬಿಬಿಎ ಪ್ರಾಜೆಕ್ಟಿಗೆ ಚಿನ್ನದ ಗಣಿ: ಕೋಲ್ಡ್ ಸ್ಟೋರೇಜಿನಲ್ಲಿ ಎಷ್ಟು ತಿಂಗಳು ಇಟ್ಟರೆ ಬಾಡಿಗೆ ಕಳೆದು ಲಾಭ ಉಳಿಯುತ್ತದೆ, ಮಾಲು ತಾಸಗಾಂವ, ಸಾಂಗ್ಲಿಗೇ ಯಾಕೆ ಹೋಗಬೇಕು? ಇಳಕಲ್ಲಿನ ನೇಕಾರರ ಸೀರೆಗೆ ಜಿಐ ಮುದ್ರೆ (ಈ ಊರಿನದೇ ಮಾಲು ಎಂಬ ಭೌಗೋಳಿಕ ಗುರುತು) ಇದೆ, ಅದರಿಂದ ನೇಕಾರನ ಕೈಗೆ ಹೆಚ್ಚು ಬಂದದ್ದೆಷ್ಟು ಎಂದು ಲೆಕ್ಕ ಹಾಕಿದರೆ ಅದೂ ಒಂದು ಪ್ರಾಜೆಕ್ಟ್. ಆದರೆ ನಾನು ನೋಡಿದ ಬಹಳಷ್ಟು ಪ್ರಾಜೆಕ್ಟ್ ವರದಿಗಳು ಝೆರಾಕ್ಸ್ ಅಂಗಡಿಯಲ್ಲಿ ಹುಟ್ಟಿ ಬೈಂಡಿಂಗ್ ಅಂಗಡಿಯಲ್ಲಿ ಮುಗಿದವು. ಅಂಥ ಬಿಬಿಎಗೆ ಖಾಸಗಿ ಕಾಲೇಜಿನ ಫೀ ಕಟ್ಟುವ ಬದಲು ಬಿ.ಕಾಂ. ಮಾಡಿ, ಸಂಜೆ ಯಾರದಾದರೂ ಅಂಗಡಿಯ ಲೆಕ್ಕ ಬರೆಯಿರಿ. ಎಂಬಿಎ ಪ್ರವೇಶಕ್ಕೆ ಪಿಜಿಸಿಇಟಿಯಾಗಲಿ ಕ್ಯಾಟ್ ಆಗಲಿ ಯಾವ ಡಿಗ್ರಿ ಎಂದು ಕೇಳುವುದಿಲ್ಲ.

ಮನೆಯಲ್ಲಿ ಈಗಾಗಲೇ ವ್ಯಾಪಾರ ಇರುವವರ ಮಾತು ಬೇರೆ. ಅವರಿಗೆ ಮ್ಯಾನೇಜ್‌ಮೆಂಟ್ ಗಲ್ಲೆಯಲ್ಲಿ ಕೂತರೇ ಬರುತ್ತದೆ. ಬಾರದೇ ಇರುವುದು ತೆರಿಗೆ. ಅವರಿಗೆ ಬಿ.ಕಾಂ.

ಸಿಎ ಎಂಬ ಗುಂಗು

ಬಿ.ಕಾಂ. ಎಂದ ಕೂಡಲೇ ಮನೆಯವರು ಸಿಎ ಅನ್ನುತ್ತಾರೆ, ಅದಕ್ಕೆ ಇಲ್ಲೇ ಮುಗಿಸುತ್ತೇನೆ. ಪಿಯು ಆದ ಮೇಲೆ ಫೌಂಡೇಶನ್ ಬರೆಯಬಹುದು. ಅದರಲ್ಲಿ ನಾಲ್ಕು ಪೇಪರ್, ಒಂದೊಂದರಲ್ಲೂ 40%, ಒಟ್ಟಾರೆ 50% ಬರಬೇಕು. ಆ ನಾಲ್ಕರಲ್ಲಿ ಒಂದು ಅರ್ಥಶಾಸ್ತ್ರ, ಇನ್ನೊಂದು ಗಣಿತ ಮತ್ತು ಸಂಖ್ಯಾಶಾಸ್ತ್ರದ್ದು. ನಮ್ಮ ಕಡೆಯ ಹುಡುಗರು ಮುಗ್ಗರಿಸುವುದು ಈ ಗಣಿತದ ಪೇಪರಿನಲ್ಲೇ. ಪದವಿ ಮುಗಿಸಿ ಫೌಂಡೇಶನ್ ಇಲ್ಲದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಹೋಗುವ ದಾರಿಯೂ ಇದೆ: ವಾಣಿಜ್ಯ ಪದವೀಧರರಿಗೆ 55%, ಉಳಿದವರಿಗೆ 60% ಇರಬೇಕು. ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ಕೆಲಸ ಕಲಿಯುವುದು, ಈಗ ಎರಡು ವರ್ಷ. ಬೆಳಗಾವಿಯಲ್ಲಿ ಸಿಎ ಸಂಸ್ಥೆಯ ಶಾಖೆ ಇರುವುದರಿಂದ ಎಲ್ಲದಕ್ಕೂ ಬೆಂಗಳೂರಿಗೆ ಓಡುವ ಅಗತ್ಯ ಇಲ್ಲ. ಆಗದಿದ್ದರೆ ಜೀವನ ಮುಳುಗಿಹೋಯಿತು ಎಂದುಕೊಳ್ಳುವವರು ಮಾತ್ರ ಈ ದಾರಿ ಹಿಡಿಯಬೇಡಿ. ಇಂಟರ್‌ಮೀಡಿಯೆಟ್‌ವರೆಗೆ ಓದಿ ನಿಂತವರಿಗೂ ಆಡಿಟರ್ ಆಫೀಸುಗಳಲ್ಲಿ, ಸೌಹಾರ್ದ ಸಹಕಾರಿಗಳಲ್ಲಿ ಕೆಲಸ ಇದೆ. ನಮ್ಮ ಊರುಗಳಲ್ಲಿ ಓಣಿಗೊಂದು ಸೊಸೈಟಿ ಇದೆಯಲ್ಲ.

ಗಣಿತ ಬಿಡಬೇಡಿ

ಈಗ ನನ್ನ ಕತೆ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಪಾಸಾದ ದಿನ ಊರ ಹನುಮಪ್ಪನಿಗೆ ಕಾಯಿ ಒಡೆಸಿ, ಇನ್ನು ಈ ಜನ್ಮದಲ್ಲಿ ಅದರ ಮುಖ ನೋಡುವುದಿಲ್ಲ ಎಂದು ಆರ್ಟ್ಸ್ ಸೇರಿದೆ. ಪಿಯು, ಬಿ.ಎ. ಐದು ವರ್ಷ ಸುಖವಾಗಿ ಕಳೆದವು. ಅರ್ಥಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದು, ಅದೇ ಹುಮ್ಮಸ್ಸಿನಲ್ಲಿ ಎಂ.ಎ. ಸೇರಿದೆ. ಮೊದಲ ಸೆಮಿಸ್ಟರಿನ ಎರಡನೇ ವಾರ ಮೇಷ್ಟ್ರು ಬೋರ್ಡಿನ ಮೇಲೆ ಒಂದು ತುಷ್ಟಿಗುಣದ ಫಲನ ಬರೆದು, ಅದರ ಡೆರಿವೇಟಿವ್ (ಒಂದು ಚೂರು ಬದಲಾದರೆ ಇನ್ನೊಂದು ಎಷ್ಟರ ಮಟ್ಟಿಗೆ ಬದಲಾಗುತ್ತದೆ ಎಂಬ ಲೆಕ್ಕ) ತೆಗೆಯಿರಿ ಅಂದರು. ಪಕ್ಕದವನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಐದು ವರ್ಷ "ಸೀಮಾಂತ" ಎಂಬ ಪದವನ್ನು ನೂರಾರು ಸಲ ಬರೆದಿದ್ದೆ. ಅದರ ಅರ್ಥವೇ ಡೆರಿವೇಟಿವ್ ಎಂದು ಅವತ್ತಿನವರೆಗೆ ಗೊತ್ತಿರಲಿಲ್ಲ.

ಆದ್ದರಿಂದ ಯಾವ ಡಿಗ್ರಿ ಎಂಬ ಪ್ರಶ್ನೆಗಿಂತ ಮೊದಲು ಇದನ್ನು ಕೇಳಿಕೊಳ್ಳಿ: ಮುಂದಿನ ಮೂರು ವರ್ಷ ಗಣಿತ ಅಥವಾ ಸಂಖ್ಯಾಶಾಸ್ತ್ರದ ಒಂದು ಎಳೆಯನ್ನಾದರೂ ಕೈಯಲ್ಲಿ ಹಿಡಿದಿರುತ್ತೀರೋ ಇಲ್ಲವೋ? ಹಿಡಿದರೆ ಅರ್ಥಶಾಸ್ತ್ರ ನಿಮಗೆ ದೂರದವರೆಗೂ ಬಾಗಿಲು ತೆರೆಯುತ್ತದೆ. ಬಿಟ್ಟರೆ ಬಿ.ಎ. ಆದ ಮೇಲೆ ಅದು ಗೋಡೆ. ಪಿಯುನಲ್ಲಿ ಸೆಬಾ ತೆಗೆದುಕೊಂಡು ಸಂಖ್ಯಾಶಾಸ್ತ್ರ ಓದಿದವರಿಗೆ ಹೆಬಾದವರಿಗಿಂತ ಒಂದು ಹೆಜ್ಜೆ ಮುಂದಿನ ಆರಂಭ ಸಿಗುತ್ತದೆ. ಸೈನ್ಸ್ ಓದಿ ಜೆಇಇ, ಸಿಇಟಿ ಕೈಕೊಟ್ಟು ಮುಖ ಸಣ್ಣದು ಮಾಡಿಕೊಂಡ ಪಿಸಿಎಂ ಹುಡುಗರೇ, ನಿಮ್ಮನ್ನು ನಾವು ಹುಡುಕುತ್ತಿದ್ದೇವೆ. ಅರ್ಥಶಾಸ್ತ್ರಕ್ಕೆ ನಿಮಗಿಂತ ಒಳ್ಳೆಯ ತಯಾರಿ ಆರ್ಟ್ಸ್ ಓದಿದವರಿಗೂ ಇರುವುದಿಲ್ಲ.

ನೀತಿಯ ಓದಿಗೆ ಗಣಿತ ಯಾಕೆ ಎಂದು ರಾಜ್ಯಶಾಸ್ತ್ರದ ಗೆಳೆಯರು ನಗುತ್ತಾರೆ. ಉತ್ತರ ಕರ್ನಾಟಕ ಹಿಂದುಳಿದಿದೆ ಎಂದು ನಾವು ಭಾಷಣ ಮಾಡುವಾಗಲೆಲ್ಲ ಹಿಡಿಯುವ ಆಧಾರ ಯಾವುದು? 2002ರಲ್ಲಿ ಬಂದ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ. ಧಾರವಾಡದಲ್ಲಿ ಕುಲಪತಿಯಾಗಿದ್ದ ಅರ್ಥಶಾಸ್ತ್ರಜ್ಞರವರು. ಅವರ ಸಮಿತಿ 35 ಸೂಚಕ ಹಿಡಿದು, ಪ್ರತಿ ತಾಲೂಕಿಗೂ ಒಂದು ಸೂಚ್ಯಂಕ ಕಟ್ಟಿ, ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು ಎಂದಿತು. ಅತ್ಯಂತ ಹಿಂದುಳಿದವು 39. ಯಾವ ಸೂಚಕಕ್ಕೆ ಎಷ್ಟು ತೂಕ ಕೊಟ್ಟರು ಎಂಬುದರ ಮೇಲೆ ನಿಮ್ಮ ತಾಲೂಕಿನ ಹಣೆಬರಹ ನಿಂತಿರುತ್ತದೆ. ಆ ಹಣೆಬರಹ ಓದಲು ಬೇಕಾದದ್ದು ಸಂಖ್ಯಾಶಾಸ್ತ್ರ. 2024ರಲ್ಲಿ ಇದೇ ವಿಷಯಕ್ಕೆ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ಆಯಿತು. ಇಂಥ ಸಮಿತಿಗಳ ಮುಂದೆ ನಮ್ಮ ಭಾಗದಿಂದ ಮನವಿ ಕೊಡಲು ಹೋಗುವವರು ಬಹಳ, ಅಂಕಿ ಅಂಶ ಕೊಡಲು ಹೋಗುವವರು ಬೆರಳೆಣಿಕೆ.

ನೀತಿ ಓದಬೇಕು ಅನ್ನುವವರಿಗೆ ನಮ್ಮ ಮೂರು ಜಿಲ್ಲೆಗಳೇ ಪ್ರಯೋಗಶಾಲೆ. ಬಾಗಲಕೋಟೆಯ ಹಳೇ ಊರು ಮತ್ತು ನವನಗರದ ನಡುವೆ ಒಂದು ದಿನ ಓಡಾಡಿ. 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 524.256 ಮೀಟರಿಗೆ ಒಪ್ಪಿತು. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ ₹40 ಲಕ್ಷ, ಒಣ ಬೇಸಾಯದ ಜಮೀನಿಗೆ ₹30 ಲಕ್ಷ ಎಂದು ತೀರ್ಮಾನಿಸಿತು. ಹದಿನೈದು ವರ್ಷದಲ್ಲಿ ಆ ಜಮೀನಿನವರು ಮನೆ ಕಟ್ಟಲೂ ಆಗದೆ, ಬಿಡಲೂ ಆಗದೆ ಕೂತದ್ದರ ಬೆಲೆ ಎಷ್ಟು? ಅದು ಯಾವ ಆದೇಶದಲ್ಲೂ ಬರೆದಿರುವುದಿಲ್ಲ. ಅದನ್ನು ಅಳೆಯಲು ಹೊರಟವರೇ ನೀತಿಯ ವಿದ್ಯಾರ್ಥಿಗಳು. ಇಷ್ಟು ದೊಡ್ಡದು ಬೇಡ ಅನಿಸಿದರೆ ನಿಮ್ಮ ಗ್ರಾಮ ಪಂಚಾಯಿತಿಯ ಲೆಕ್ಕವನ್ನು ಜನರ ಮುಂದಿಡುವ ಜಮಾಬಂದಿಗೆ ಹೋಗಿ ಕೂತುಕೊಳ್ಳಿ. ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಪ್ರೇಕ್ಷಕರ ಗ್ಯಾಲರಿಗೆ ಪಾಸು ಮಾಡಿಸಿ ಒಂದು ದಿನ ಕೂತು ಬನ್ನಿ. ಬೆಂಗಳೂರಿನವರಿಗೆ ವರ್ಷವಿಡೀ ಇರುವ ಸೌಲಭ್ಯ ನಮಗೆ ಹತ್ತು ದಿನಕ್ಕಾದರೂ ಬರುತ್ತದೆ. ಆ ದಿನಗಳಲ್ಲಿ ಲಾಡ್ಜಿನ ಬಾಡಿಗೆ ಮಾತ್ರ ಕೇಳಬೇಡಿ.

ಇಲ್ಲೇ ಇರುವುದೋ, ಹೊರಗೆ ಹೋಗುವುದೋ

ಹೊರಗೆ ಹೋಗುವ ಶಕ್ತಿ ಇದ್ದರೆ ಮೊದಲು ಹೇಳಬೇಕಾದದ್ದು ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್. 2017ರಲ್ಲಿ ಶುರುವಾದದ್ದು, ಸರ್ಕಾರಿ ಸಂಸ್ಥೆ. ಅರ್ಥಶಾಸ್ತ್ರವನ್ನು ಗಣಿತ, ಸಂಖ್ಯಾಶಾಸ್ತ್ರದ ಜೊತೆ ಕಲಿಸುತ್ತಾರೆ. ಪ್ರವೇಶ ದೇಶಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆ ಸಿಯುಇಟಿ ಮೂಲಕ. ಕಲಬುರಗಿ ಜಿಲ್ಲೆಯ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಸಿಯುಇಟಿಯೇ. ಆ ಅರ್ಜಿ ಪಿಯು ಪರೀಕ್ಷೆಗೂ ಮುಂಚೆಯೇ ಹಾಕಬೇಕಾಗುತ್ತದೆ. ರಿಸಲ್ಟ್ ಬಂದ ಮೇಲೆ ನನಗೆ ಫೋನ್ ಮಾಡುವವರಿಗೆ ಆ ಬಸ್ಸು ಹೋಗಿ ತಿಂಗಳುಗಳೇ ಆಗಿರುತ್ತವೆ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಸಿಯುಇಟಿಯಲ್ಲಿ ಗಣಿತ ಕಡ್ಡಾಯ, ಅದು ಇಲ್ಲದವರು ಆ ಆಸೆ ಇಟ್ಟುಕೊಳ್ಳಬೇಡಿ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಬಿ.ಎ. ಇದೆ, ಫೀ ಹೆಚ್ಚು, ಆದರೆ ಮನೆಯ ಆದಾಯ ನೋಡಿ ನೆರವು ಕೊಡುತ್ತಾರೆ. ಫೀ ನೋಡಿಯೇ ಹಿಂದೆ ಸರಿಯುವ ಮುನ್ನ ಆ ಪುಟ ಓದಿ.

ಬೆಳಗಾವಿಯವರು ಮರೆಯುವ ಊರು ಪುಣೆ. ಬೆಂಗಳೂರಿಗಿಂತ ಹತ್ತಿರ. 1930ರಲ್ಲಿ ಶುರುವಾದ ಗೋಖಲೆ ಇನ್‌ಸ್ಟಿಟ್ಯೂಟ್ ಅಲ್ಲಿದೆ, ಅರ್ಥಶಾಸ್ತ್ರದಲ್ಲಿ ಬಿಎಸ್‌ಸಿ ಕೂಡ ಇದೆ. ಮರಾಠಿ ಬರುವ ಮಕ್ಕಳಿಗೆ ಊರಿನಲ್ಲಿ ಬದುಕುವುದೂ ಸಲೀಸು.

ಪಬ್ಲಿಕ್ ಪಾಲಿಸಿಯನ್ನು ಪದವಿಯಲ್ಲೇ ಓದಬೇಕು ಎಂದು ಹಠ ಹಿಡಿಯಬೇಕಿಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ 2014ರಿಂದ ಎರಡು ವರ್ಷದ ಪಬ್ಲಿಕ್ ಪಾಲಿಸಿ ಸ್ನಾತಕೋತ್ತರ ಕೋರ್ಸ್ ಇದೆ, ಯಾವ ಪದವಿ ಮುಗಿಸಿದವರೂ ಪ್ರವೇಶ ಪರೀಕ್ಷೆ ಬರೆಯಬಹುದು. ಮೊದಲು ಒಂದು ವಿಷಯದಲ್ಲಿ ಕಾಲೂರಿ, ಆಮೇಲೆ ನೀತಿಗೆ ಹೋಗುವುದು ನನಗೆ ಸರಿ ಅನಿಸುತ್ತದೆ. ಸಂಶೋಧನೆ ಎಂದರೇನು ಎಂದು ನೋಡಲು ಧಾರವಾಡದ ಸಂಶೋಧನಾ ಸಂಸ್ಥೆ ಸಿಎಂಡಿಆರ್ ಸಾಕು, ಬೆಳಗಾವಿಯಿಂದ ಎರಡು ತಾಸಿನ ದಾರಿ.

ಇಲ್ಲೇ ಉಳಿಯುವವರು ಕೀಳರಿಮೆ ಪಡಬೇಕಾದ್ದೇನೂ ಇಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯಿಂದ ದಿನಾ ಬಂದು ಹೋಗುವ ಹುಡುಗಿಯರ ಸಂಖ್ಯೆ ನನ್ನ ಕ್ಲಾಸಿನಲ್ಲೇ ಕಣ್ಣಿಗೆ ಕಾಣುವಷ್ಟು ಹೆಚ್ಚಿದೆ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಓದಿದ ಹೆಣ್ಣುಮಕ್ಕಳು ವರ್ಷಕ್ಕೆ ₹30,000ದ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದನ್ನು ಮರೆಯಬೇಡಿ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನ ವಿದ್ಯಾರ್ಥಿವೇತನಗಳಿಗೆ ಆಧಾರ್ ಮತ್ತು ಬ್ಯಾಂಕ್ ಖಾತೆ ಜೋಡಣೆ ಈಗಲೇ ಮಾಡಿಸಿ. ಕನ್ನಡ ಮಾಧ್ಯಮದಲ್ಲಿ ಓದುವವರು ಪ್ರತಿ ಪಾಠದ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಯಾವ ಪರೀಕ್ಷೆ ಬರೆದರೂ ಆ ನೋಟ್‌ಬುಕ್ ಬೇಕು.

ನೌಕರಿ

ಕೆಎಎಸ್, ಪಿಡಿಒ, ಬ್ಯಾಂಕ್ ಪಿಒ ಇವಕ್ಕೆಲ್ಲ ಯಾವ ಪದವಿಯಾದರೂ ನಡೆಯುತ್ತದೆ. ಹಾಗಾಗಿ ಇವುಗಳ ಸಲುವಾಗಿ ಡಿಗ್ರಿ ಆರಿಸುವುದರಲ್ಲಿ ಹುರುಳಿಲ್ಲ. ಯುಪಿಎಸ್‌ಸಿಯ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಅರ್ಥಶಾಸ್ತ್ರ, ವಾಣಿಜ್ಯ, ಮ್ಯಾನೇಜ್‌ಮೆಂಟ್, ಸಾರ್ವಜನಿಕ ಆಡಳಿತ, ರಾಜ್ಯಶಾಸ್ತ್ರ ಎಲ್ಲವೂ ಇವೆ. ಅರ್ಥಶಾಸ್ತ್ರದವರಿಗೆ ಮಾತ್ರ ಮೀಸಲಾದ ಬಾಗಿಲು ಇಂಡಿಯನ್ ಎಕನಾಮಿಕ್ ಸರ್ವಿಸ್. ವಯಸ್ಸು 21ರಿಂದ 30, ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು. ರಿಸರ್ವ್ ಬ್ಯಾಂಕಿನ ಆರ್ಥಿಕ ಸಂಶೋಧನಾ ವಿಭಾಗದ ಗ್ರೇಡ್ ಬಿ ಹುದ್ದೆಗಳಿಗೂ ಹಾಗೆಯೇ. ಇವೆರಡರ ಹಳೆಯ ಪ್ರಶ್ನೆಪತ್ರಿಕೆ ತೆಗೆದು ನೋಡಿ, ಮತ್ತೆ ಅದೇ ಗಣಿತ. ಕಾಲೇಜು ಉಪನ್ಯಾಸಕರಾಗುವ ಕನಸಿದ್ದವರು ನೆಟ್ ಅಥವಾ ಕೆಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿ ಕಾಯಬೇಕು. ಎಷ್ಟು ಕಾಯಬೇಕು ಎಂದು ನನ್ನನ್ನು ಕೇಳಬೇಡಿ.

ಪಿಯು ಮುಗಿಸಿ ಮೂರು ವರ್ಷಕ್ಕೇ ಮನೆಗೆ ಸಂಬಳ ಬರಲೇಬೇಕು ಎಂಬ ಪರಿಸ್ಥಿತಿ ಇದ್ದರೆ, ಬೇರೆ ಲೆಕ್ಕ ಬೇಡ, ಬಿ.ಕಾಂ. ಮಾಡಿ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕಲಿಯಿರಿ. ಐದಾರು ವರ್ಷ ಓದಿಸುವ ಶಕ್ತಿ ಮನೆಯವರಿಗಿದ್ದು, "ಯಾಕೆ" ಎಂದು ಕೇಳುವ ಚಾಳಿ ನಿಮಗಿದ್ದರೆ ಅರ್ಥಶಾಸ್ತ್ರ. ಹುನಗುಂದದ ಆ ಅಪ್ಪನಿಗೆ ಹೇಳಿದ್ದೂ ಇದನ್ನೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರು ವರ್ಷ ಆದ ಮ್ಯಾಲೆ ಇನ್ನೊಬ್ಬಾಕಿ ಅದಾಳ್ರಿ ಸರ, ಆಕಿನೂ ಓದಸಬೇಕು" ಅಂದರು.

ಹುಡುಗಿ ಬಿ.ಕಾಂ. ಸೇರಿದಳು. ಬಿ.ಕಾಂ. ಮುಗಿಸಿದವರನ್ನೂ ಎಂ.ಎ. ಅರ್ಥಶಾಸ್ತ್ರಕ್ಕೆ ತೆಗೆದುಕೊಳ್ಳುವ ವಿಶ್ವವಿದ್ಯಾಲಯಗಳಿವೆ ಎಂದು ನಾನು ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದಾಳೆ. ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಬರುತ್ತಾಳೆ. ನನ್ನ ಮಗನ ಪ್ರಥಮ ಪಿಯು ಗಣಿತ ಪುಸ್ತಕ ಅವಳ ಕೈಯಲ್ಲಿದೆ. ಗಣಗಳು ಮುಗಿದವು, ಫಲನಗಳು ನಡೆದಿವೆ. ಡೆರಿವೇಟಿವ್ ದೀಪಾವಳಿ ಹೊತ್ತಿಗೆ ಬರಬಹುದು. ಅಷ್ಟರೊಳಗೆ ನಾನೂ ಇನ್ನೊಮ್ಮೆ ಓದಿಕೊಳ್ಳಬೇಕು.